ಕಾಲದ ಸಂತೋಷ ಯಾರದು? ರೋಮನ್ ನಾಣ್ಯಗಳ ಮೇಲಿನ ಮೃಗಗಳು



‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ದೊಡ್ಡಪ್ಪನ ಮುಖವನ್ನು ಸಾವಧಾನವಾಗಿ ನೋಡುವವರು ಕಡಿಮೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ನಮ್ಮ ಕಣ್ಣು ಅಂಕಿಯ ಮೇಲಿರುತ್ತದೆಯೇ ಹೊರತು ಚಿತ್ರದ ಮೇಲಲ್ಲ. ಇಂದು ನಮ್ಮ ಜೇಬಿನಲ್ಲಿರುವ ರೂಪಾಯಿ ನಾಣ್ಯಗಳ ಮೇಲೆ ಅಶೋಕ ಸ್ತಂಭದ ಸಿಂಹಗಳಿವೆ. 1988ರಿಂದ 2002ರವರೆಗೆ ಅಚ್ಚಾದ ಸ್ಟೀಲಿನ ನಾಲ್ಕಾಣೆಯ ಮೇಲೆ ಒಂಟಿ ಕೊಂಬಿನ ಖಡ್ಗಮೃಗವಿತ್ತು. 2011ರಲ್ಲಿ ನಾಲ್ಕಾಣೆ ಚಲಾವಣೆಯಿಂದ ಹೋಯಿತು. ಅದರ ಜೊತೆಗೆ ಆ ಖಡ್ಗಮೃಗವೂ ನಮ್ಮ ಜೇಬಿನಿಂದ ಮರೆಯಾಯಿತು.

ನಾಣ್ಯದ ಮೇಲೆ ಪ್ರಾಣಿಯನ್ನು ಅಚ್ಚೊತ್ತುವ ಈ ವಾಡಿಕೆ ಬಹಳ ಹಳೆಯದು. ಪ್ರಾಚೀನ ರೋಮನ್ನರ ನಾಣ್ಯಗಳಲ್ಲಿ ತೋಳ, ಆನೆ, ಮೊಸಳೆ, ಸಿಂಹ, ನೀರ್ಗುದುರೆ, ಜಿಂಕೆ, ಹೋರಿ, ಏಡಿ ಹೀಗೆ ಒಂದು ಮೃಗಾಲಯವೇ ಇದೆ. ಜಗತ್ತಿನ ಹಲವೆಡೆ ನಾಣ್ಯ ಸಂಗ್ರಾಹಕರು ಪ್ರಾಣಿಗಳಿರುವ ರೋಮನ್ ನಾಣ್ಯಗಳನ್ನೇ ಆಯ್ದು ಕೂಡಿಸುತ್ತಾರೆ. ಮಕ್ಕಳಿಗೂ ಈ ಹವ್ಯಾಸ ಹಿಡಿಸುತ್ತದೆ. ಆನೆಯನ್ನು ಗುರುತಿಸಲು ಲ್ಯಾಟಿನ್ ಬರಬೇಕಾಗಿಲ್ಲವಲ್ಲ!

ಆದರೆ ವಿಶ್ವಾಸಿಗಳಾದ ನಾವು ಈ ನಾಣ್ಯಗಳನ್ನು ನೋಡುವಾಗ ಮತ್ತೊಂದು ಮಾತನ್ನು ಮರೆಯುವಂತಿಲ್ಲ. ಮಾರ್ಚ್ 7ರಂದು ಧರ್ಮಸಭೆಯು ಸಂತ ಪೆರ್ಪೆತುವಾ ಮತ್ತು ಸಂತ ಫೆಲಿಸಿತಾ ಎಂಬ ಇಬ್ಬರು ತಾಯಂದಿರನ್ನು ಸ್ಮರಿಸುತ್ತದೆ. ರೋಮ್ ತನ್ನ ನಾಣ್ಯದ ಮೇಲೆ ಹೆಮ್ಮೆಯಿಂದ ಅಚ್ಚೊತ್ತಿದ ಮೃಗಗಳ ಮುಂದೆ ಅವರನ್ನು ನಿಲ್ಲಿಸಲಾಗಿತ್ತು. ಹೀಗಾಗಿ ನಾಣ್ಯದ ಮೇಲಿನ ಮೃಗ ಏನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬ ಎರಡೂ ಪ್ರಶ್ನೆಗಳನ್ನು ನಾವು ಕೇಳಬೇಕಾಗಿದೆ.

ಪಶುವಿನಿಂದ ಹಣ

ಲ್ಯಾಟಿನ್ ಭಾಷೆಯಲ್ಲಿ ಹಣಕ್ಕೆ ‘ಪೆಕೂನಿಯ’ ಎನ್ನುತ್ತಾರೆ. ಅದು ದನಕರು ಎಂಬ ಅರ್ಥದ ‘ಪೆಕುಸ್’ ಪದದಿಂದ ಬಂದುದು. ನಮ್ಮ ‘ಪಶು’ ಎಂಬ ಸಂಸ್ಕೃತ ಪದಕ್ಕೂ ಅದಕ್ಕೂ ಬೇರು ಒಂದೇ. ನಾಣ್ಯ ಬರುವ ಮೊದಲು ಅಲ್ಲಿಯೂ ದನಕರುಗಳೇ ಸಂಪತ್ತು. ಮುಂದೆ ರೋಮನ್ನರು ಕಂಚಿನ ಭಾರವಾದ ಗಟ್ಟಿಗಳನ್ನು ಎರಕ ಹೊಯ್ದಾಗ, ಅವುಗಳಲ್ಲಿ ಕೆಲವಕ್ಕೆ ಎತ್ತಿನ ಚಿತ್ರವನ್ನೇ ಹಾಕಿದರು. ಇನ್ನೊಂದು ಬಗೆಯ ಗಟ್ಟಿಯ ಒಂದು ಬದಿಯಲ್ಲಿ ಆನೆ, ಮತ್ತೊಂದು ಬದಿಯಲ್ಲಿ ಹಂದಿ! ಕ್ರಿ.ಪೂ. 3ನೆಯ ಶತಮಾನದಲ್ಲಿ ಗ್ರೀಕ್ ರಾಜ ಪಿರ್ರಸ್ ಯುದ್ಧದಾನೆಗಳೊಂದಿಗೆ ಇಟಲಿಗೆ ಬಂದ. ಹಂದಿಯ ಕೂಗಿಗೆ ಆನೆಗಳು ಬೆದರಿ ಓಡಿದವೆಂಬ ಕಥೆ ಪ್ರಾಚೀನ ಬರಹಗಳಲ್ಲಿದೆ. ಆ ನೆನಪೇ ಈ ಗಟ್ಟಿಯ ಮೇಲಿದೆಯೆಂದು ಹಲವರು ಭಾವಿಸುತ್ತಾರೆ.

ರೋಮಿನ ಅತ್ಯಂತ ಹಳೆಯ ಬೆಳ್ಳಿ ನಾಣ್ಯಗಳಲ್ಲೊಂದು ಕ್ರಿ.ಪೂ. 269ರ ಸುಮಾರಿನದು. ಅದರ ಹಿಂಬದಿಯಲ್ಲಿ ಹೆಣ್ಣು ತೋಳವೊಂದು ಇಬ್ಬರು ಹಸುಳೆಗಳಿಗೆ ಹಾಲೂಡಿಸುತ್ತಿದೆ. ರೋಮ್ ನಗರವನ್ನು ಕಟ್ಟಿದರೆಂದು ಹೇಳಲಾಗುವ ರೋಮುಲಸ್ ಮತ್ತು ರೀಮಸ್ ಎಂಬ ಅವಳಿಗಳೇ ಆ ಹಸುಳೆಗಳು. ಸುಮಾರು 600 ವರ್ಷಗಳ ನಂತರ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲೂ ಇದೇ ತೋಳ ನಾಣ್ಯದ ಮೇಲಿತ್ತು. ಚಕ್ರವರ್ತಿಗಳು ಬದಲಾದರು, ಧರ್ಮ ಬದಲಾಯಿತು, ತೋಳತಾಯಿ ಮಾತ್ರ ಬದಲಾಗಲಿಲ್ಲ.

ಆನೆ, ಮೊಸಳೆ ಮತ್ತು ಅಧಿಕಾರ

ಪ್ರಾಣಿ ನಾಣ್ಯಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ಜೂಲಿಯಸ್ ಸೀಸರನ ಆನೆ. ಕ್ರಿ.ಪೂ. 49ರಲ್ಲಿ ಸೀಸರ್ ತನ್ನ ಸೈನ್ಯದೊಡನೆ ರುಬಿಕಾನ್ ನದಿಯನ್ನು ದಾಟಿ ಅಂತರ್ಯುದ್ಧಕ್ಕೆ ಇಳಿದ. ಸೈನಿಕರಿಗೆ ಸಂಬಳ ಕೊಡಲು ಆ ಕಾಲದಲ್ಲಿ ಅಪಾರ ಸಂಖ್ಯೆಯಲ್ಲಿ ಅಚ್ಚಾದ ಬೆಳ್ಳಿಯ ‘ದೆನಾರಿಯಸ್’ ನಾಣ್ಯದ ಮೇಲೆ, ಆನೆಯೊಂದು ಸರ್ಪವನ್ನು ತುಳಿಯುತ್ತಿದೆ. ಕೆಳಗೆ ‘ಸೀಸರ್’ ಎಂಬ ಒಂದೇ ಪದ. ಹೆಚ್ಚಿನ ವಿವರಣೆ ಬೇಕೇ? ತನ್ನ ಎದುರಾಳಿಗಳ ಗತಿ ಏನಾಗಲಿದೆ ಎಂಬುದನ್ನು ಓದು ಬಾರದ ಸೈನಿಕನಿಗೂ ಆ ಆನೆ ಹೇಳುತ್ತಿತ್ತು.

ಸೀಸರನ ಉತ್ತರಾಧಿಕಾರಿ ಆಗಸ್ಟಸ್ ಕ್ರಿ.ಪೂ. 30ರಲ್ಲಿ ಈಜಿಪ್ಟನ್ನು ವಶಪಡಿಸಿಕೊಂಡಾಗ ನಾಣ್ಯದ ಮೇಲೆ ಮೊಸಳೆ ಬಂತು. ಸುತ್ತ ‘ಈಜಿಪ್ಟ್ ಸೆರೆಸಿಕ್ಕಿತು’ ಎಂಬ ಬರಹ. ಈಗಿನ ಫ್ರಾನ್ಸ್ ದೇಶದ ನೀಮ್ ನಗರದಲ್ಲಿ ಅಚ್ಚಾದ ನಾಣ್ಯದಲ್ಲಂತೂ ಮೊಸಳೆಯನ್ನು ಸರಪಳಿಯಿಂದ ತಾಳೆ ಮರಕ್ಕೆ ಬಿಗಿಯಲಾಗಿದೆ. ಇಂದಿಗೂ ಆ ನಗರದ ಲಾಂಛನದಲ್ಲಿ ಅದೇ ಮೊಸಳೆ ಇದೆ. ಒಂದು ಇಡೀ ದೇಶದ ಜನರ ಸೋಲನ್ನು ಹೇಳಲು ಒಂದು ಪ್ರಾಣಿಯನ್ನು ಕಟ್ಟಿಹಾಕಿ ತೋರಿಸಿದರೆ ಸಾಕಾಗಿತ್ತು.

ಇದೇ ಆಗಸ್ಟಸನ ಬಳಿಗೆ, ಸಾಮೋಸ್ ದ್ವೀಪದಲ್ಲಿದ್ದಾಗ, ಭಾರತದಿಂದ ಬಂದ ರಾಯಭಾರಿಗಳು ಹುಲಿಗಳನ್ನು ಕಾಣಿಕೆಯಾಗಿ ತಂದರೆಂದು ಇತಿಹಾಸಕಾರ ದಿಯೋ ಬರೆದಿದ್ದಾನೆ. ದೂರದೇಶದ ಮೃಗ ರೋಮಿಗೆ ಬಂದಿತೆಂದರೆ ಆ ದೂರದೇಶವೂ ರೋಮಿಗೆ ತಲೆಬಾಗಿದೆ ಎಂದು ಜನ ತಿಳಿಯುತ್ತಿದ್ದರು. ಮುಂದೆ ಅಖಾಡದ ಆಟಗಳಿಗೆ ಆಫ್ರಿಕಾ ಮತ್ತು ಏಷ್ಯಾಗಳಿಂದ ಸಾವಿರಾರು ಮೃಗಗಳು ಬಂದದ್ದು ಇದೇ ಮನೋಭಾವದಿಂದ.

ದೇವಾಲಯದ ತೆರಿಗೆ ಮತ್ತು ಗರುಡ ಪಕ್ಷಿ

ಪ್ರಭು ಯೇಸುವಿನ ಕಾಲದ ಜನರ ಕೈಯಲ್ಲಿ ಓಡಾಡುತ್ತಿದ್ದ ಒಂದು ನಾಣ್ಯವನ್ನು ಇಲ್ಲಿ ನೆನೆಯಬೇಕು. ಅದು ರೋಮಿನಲ್ಲಿ ಅಚ್ಚಾದುದಲ್ಲ. ರೋಮನ್ನರ ಆಳ್ವಿಕೆಗೆ ಒಳಪಟ್ಟಿದ್ದ ತೂರ್ ಪಟ್ಟಣದ್ದು. ಸುಮಾರು 14 ಗ್ರಾಂ ತೂಕದ ಒಳ್ಳೆಯ ಬೆಳ್ಳಿಯ ಶೆಕೆಲ್ ಅದು. ಒಂದು ಬದಿಯಲ್ಲಿ ತೂರಿನವರ ದೇವರಾದ ಮೆಲ್ಕಾರ್ತನ ತಲೆ, ಮತ್ತೊಂದು ಬದಿಯಲ್ಲಿ ಗರುಡ ಪಕ್ಷಿ. ಯಾವ ಜೀವಿಯ ವಿಗ್ರಹವನ್ನೂ ಆರಾಧನೆಗೆ ಮಾಡಿಕೊಳ್ಳಬಾರದೆಂಬ ಕಟ್ಟಳೆಯಿದ್ದ ಯೆಹೂದ್ಯರೇ ಜೆರುಸಲೇಮಿನ ದೇವಾಲಯದ ತೆರಿಗೆಗೆ ಈ ನಾಣ್ಯವನ್ನು ಒಪ್ಪಿಕೊಳ್ಳುತ್ತಿದ್ದರು. ಕಾರಣ, ಅದರ ಬೆಳ್ಳಿ ನಂಬಿಕೆಗೆ ಅರ್ಹವಾಗಿತ್ತು.

ಸಂತ ಮತ್ತಾಯರ ಶುಭಸಂದೇಶದಲ್ಲಿ, ಪೇತ್ರ ಹಿಡಿದ ಮೀನಿನ ಬಾಯಲ್ಲಿ ಸಿಕ್ಕಿ ಇಬ್ಬರ ತೆರಿಗೆಗೂ ಸಾಕಾದ ನಾಣ್ಯ ಇಂಥದೇ ಇರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಯೂದನು ಪಡೆದ ಮೂವತ್ತು ಬೆಳ್ಳಿ ನಾಣ್ಯಗಳೂ ಇವೇ ಎಂಬುದು ಹಲವರ ಅಭಿಪ್ರಾಯ. ಆದುದರಿಂದ ಪ್ರಾಣಿ ನಾಣ್ಯಗಳ ಸಂಗ್ರಾಹಕರಲ್ಲಿ ಕ್ರೈಸ್ತರಾದವರಿಗೆ ತೂರಿನ ಈ ಗರುಡ ಪಕ್ಷಿ ಬಹಳ ಪ್ರಿಯ. ಒಂದೇ ಲೋಹ, ಒಂದೇ ಪಕ್ಷಿ. ಅದು ಮೀನಿನ ಬಾಯಿಂದ ಬಂದಾಗ ತೆರಿಗೆ ತೀರಿಸಿತು, ಯೂದನ ಕೈಗೆ ಬಂದಾಗ ದ್ರೋಹದ ಬೆಲೆಯಾಯಿತು.

ಬಡ ವಿಧವೆಯ ಕಾಸು ಮತ್ತು ಖಡ್ಗಮೃಗ

ಕ್ರಿ.ಶ. 80ರಲ್ಲಿ ತೀತುಸ್ ಚಕ್ರವರ್ತಿ ರೋಮಿನಲ್ಲಿ ಕೊಲೋಸಿಯಂ ಅಖಾಡವನ್ನು ಉದ್ಘಾಟಿಸಿದ. ಉತ್ಸವ 100 ದಿನ ನಡೆಯಿತು. ಆ ಆಟಗಳಲ್ಲಿ ಸಾಧು ಪ್ರಾಣಿ, ಕಾಡು ಮೃಗ ಸೇರಿ 9,000 ಜೀವಿಗಳು ಸತ್ತವೆಂದು ದಿಯೋ ಬರೆದಿದ್ದಾನೆ. ಅದೇ ವರ್ಷ ತೀತುಸನ ನಾಣ್ಯಗಳ ಮೇಲೆ ಗಂಭೀರವಾಗಿ ಹೆಜ್ಜೆಯಿಡುವ ಆನೆಯೊಂದು ಕಾಣಿಸಿಕೊಂಡಿತು. ಆ ಆನೆಯನ್ನು ನೋಡಿದರೆ 9,000 ಸಾವುಗಳ ಸುಳಿವೇ ಸಿಗುವುದಿಲ್ಲ.

ತೀತುಸನ ತಮ್ಮ ದೊಮಿತಿಯನ್ ಮುಂದೆ ಚಕ್ರವರ್ತಿಯಾದಾಗ ಖಡ್ಗಮೃಗದ ಸರದಿ ಬಂತು. ನಮ್ಮ ನಾಲ್ಕಾಣೆಯ ಖಡ್ಗಮೃಗಕ್ಕೆ ಒಂದೇ ಕೊಂಬು. ದೊಮಿತಿಯನ್ನನ ನಾಣ್ಯದ್ದಕ್ಕೆ ಎರಡು. ಹಾಗಾಗಿ ಅದು ಆಫ್ರಿಕಾದಿಂದ ತಂದ ಮೃಗವೆಂದು ತಿಳಿಯುತ್ತದೆ. ಹೆಬ್ಬೆರಳಿನ ಉಗುರಿನಷ್ಟೇ ಇರುವ ಈ ನಾಣ್ಯದ ಹೆಸರು ‘ಕ್ವಾದ್ರಾನ್ಸ್’. 64 ಕ್ವಾದ್ರಾನ್ಸ್ ಸೇರಿದರೆ ಒಂದು ದೆನಾರಿಯಸ್. ದ್ರಾಕ್ಷಿ ತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಒಂದು ದೆನಾರಿಯಸ್ ಎಂದರೆ ಒಂದು ದಿನದ ಕೂಲಿ ಎಂಬುದು ನಮಗೆ ಗೊತ್ತು. ಅಂದರೆ ಕ್ವಾದ್ರಾನ್ಸ್ ದಿನಗೂಲಿಯ 64ನೆಯ ಒಂದು ಭಾಗ ಮಾತ್ರ.

ಈ ಹೆಸರನ್ನು ನಾವು ಬೇರೆ ಕಡೆಯೂ ಕೇಳಿದ್ದೇವೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಚಿಕ್ಕ ಕಾಸುಗಳನ್ನು ಹಾಕಿದ ಬಡ ವಿಧವೆಯ ಪ್ರಸಂಗವನ್ನು ಬರೆಯುವಾಗ ಸಂತ ಮಾರ್ಕರು, ಆ ಎರಡು ಕಾಸು ಸೇರಿದರೆ ಒಂದು ಕ್ವಾದ್ರಾನ್ಸ್ ಎಂದು ತಮ್ಮ ಓದುಗರಿಗೆ ಬಿಡಿಸಿ ಹೇಳುತ್ತಾರೆ. ರೋಮನ್ ಹಣವನ್ನು ಬಲ್ಲವರಿಗೆ ಆಕೆಯ ಕಾಣಿಕೆ ಎಷ್ಟು ಚಿಕ್ಕದೆಂದು ತಿಳಿಯಲೆಂದೇ ಈ ಲೆಕ್ಕ. ಆ ತಾಯಿಯ ಕೈಯಲ್ಲಿದ್ದದ್ದು ಖಡ್ಗಮೃಗದ ನಾಣ್ಯವಲ್ಲ ನಿಜ. ಅದು ಅಚ್ಚಾದದ್ದು ಸುಮಾರು ಐವತ್ತು ವರ್ಷಗಳ ಅನಂತರ. ಆದರೆ ಬೆಲೆ ಅದೇ. ಚಕ್ರವರ್ತಿ ತನ್ನ ಅತ್ಯಂತ ಚಿಕ್ಕ ನಾಣ್ಯದ ಮೇಲೆ ತನ್ನ ಅತ್ಯಂತ ದೊಡ್ಡ ಮೃಗದ ಪ್ರದರ್ಶನವನ್ನು ಸಾರಿದ. ಅಷ್ಟೇ ಬೆಲೆಯ ಹಣದಲ್ಲಿ ಆ ವಿಧವೆ ತನ್ನ ಜೀವನಾಧಾರವನ್ನೆಲ್ಲ ದೇವರಿಗೆ ಕೊಟ್ಟಿದ್ದಳು.

‘ಕಾಲದ ಸಂತೋಷ’

ಈಗ ಮಾರ್ಚ್ 7ಕ್ಕೆ ಬರೋಣ. ಕ್ರಿ.ಶ. 203ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್ ನಗರದಲ್ಲಿ, ಚಕ್ರವರ್ತಿ ಸೆಪ್ತಿಮಿಯಸ್ ಸೆವೆರಸನ ಕಿರಿಯ ಮಗ ಗೇತನ ಹುಟ್ಟುಹಬ್ಬಕ್ಕಾಗಿ ಮೃಗಗಳ ಆಟವನ್ನು ಏರ್ಪಡಿಸಲಾಗಿತ್ತು. ಅಂದು ಅಖಾಡಕ್ಕೆ ತಂದ ಕ್ರೈಸ್ತರಲ್ಲಿ ಪೆರ್ಪೆತುವಾಳಿಗೆ ವಯಸ್ಸು ಸುಮಾರು 22. ಒಳ್ಳೆಯ ಮನೆತನದ, ಓದು ಬಲ್ಲ ಹೆಣ್ಣುಮಗಳು. ಮಡಿಲಲ್ಲಿ ಮೊಲೆಗೂಸು. ಮಗುವಿನ ಮುಖ ನೋಡಿಯಾದರೂ ವಿಶ್ವಾಸವನ್ನು ಬಿಡು ಎಂದು ತಂದೆ ಅವಳ ಕಾಲಿಗೆ ಬಿದ್ದು ಬೇಡಿಕೊಂಡ. ಅವಳು ಒಪ್ಪಲಿಲ್ಲ. ಸೆರೆಮನೆಯಲ್ಲಿ ತನ್ನ ಕೈಯಾರೆ ಬರೆದಿಟ್ಟ ಅವಳ ಅನುಭವಗಳು ಇಂದಿಗೂ ನಮಗೆ ಉಳಿದಿವೆ. ಕ್ರೈಸ್ತ ಸ್ತ್ರೀಯೊಬ್ಬಳು ಬರೆದ ಅತ್ಯಂತ ಹಳೆಯ ಬರಹಗಳಲ್ಲಿ ಅದೂ ಒಂದು. ಫೆಲಿಸಿತಾ ಗುಲಾಮಳು, ತುಂಬು ಗರ್ಭಿಣಿ. ಆಟಕ್ಕೆ ಕೆಲವೇ ದಿನ ಮುಂಚೆ ಸೆರೆಮನೆಯಲ್ಲೇ ಹೆಣ್ಣು ಮಗುವನ್ನು ಹೆತ್ತಳು. ಆ ಮಗುವನ್ನು ಕ್ರೈಸ್ತ ಸಹೋದರಿಯೊಬ್ಬಳು ತನ್ನ ಮಗಳಂತೆ ಸಾಕಿದಳು.

ಅವರ ಜೊತೆಗಿದ್ದ ಪುರುಷರ ಮೇಲೆ ಚಿರತೆ, ಕರಡಿ, ಕಾಡುಹಂದಿಗಳನ್ನು ಬಿಟ್ಟರು. ಈ ಇಬ್ಬರು ತಾಯಂದಿರ ಮೇಲೆ ಬಿಟ್ಟದ್ದು ಮದವೇರಿದ ಹಸುವನ್ನು. ಹಸು ಎತ್ತಿ ಒಗೆದ ಮೇಲೆ ಪೆರ್ಪೆತುವಾ ಎದ್ದು, ನೆಲಕ್ಕೆ ಬಿದ್ದಿದ್ದ ಫೆಲಿಸಿತಾಳ ಕೈಹಿಡಿದು ಎಬ್ಬಿಸಿದಳು. ಒಡತಿಯ ವರ್ಗದವಳು ಗುಲಾಮಳ ಕೈಹಿಡಿದು ಎಬ್ಬಿಸಿ, ಇಬ್ಬರೂ ಜೊತೆಯಾಗಿ ನಿಂತದ್ದನ್ನು ಆ ಜನಸಂದಣಿ ಕಂಡಿತು. ಕೊನೆಗೆ ಇಬ್ಬರೂ ಕತ್ತಿಗೆ ಕೊರಳೊಡ್ಡಿದರು.

ಇದಾದ ಸುಮಾರು ಮೂರು ವರ್ಷಗಳ ಮೇಲೆ, 206ರ ಸುಮಾರಿಗೆ, ರೋಮಿನ ಟಂಕಸಾಲೆಯಿಂದ ಒಂದು ಅಪರೂಪದ ನಾಣ್ಯ ಹೊರಬಂತು. ಅದರ ನಡುವೆ ದೊಡ್ಡ ಹಡಗಿನ ಆಕಾರ, ಮೇಲೆ ಓಡುವ ರಥಗಳು, ಕೆಳಗೆ ಸಿಂಹ, ಉಷ್ಟ್ರಪಕ್ಷಿ ಮುಂತಾದ ಮೃಗಪಕ್ಷಿಗಳ ಸಾಲು. ಸೆವೆರಸನ ಉತ್ಸವಗಳಲ್ಲಿ ಇಂಥ ಹಡಗಿನ ಆಕಾರದ ಪಂಜರವೊಂದು ಒಮ್ಮೆಲೇ ತೆರೆದುಕೊಂಡು ಅದರೊಳಗಿಂದ ಸಿಂಹ, ಕರಡಿ, ಚಿರತೆ, ಉಷ್ಟ್ರಪಕ್ಷಿ, ಕಾಡುಕತ್ತೆಗಳು ಹೊರನುಗ್ಗಿದವೆಂದೂ, ಒಟ್ಟು 700 ಪ್ರಾಣಿಗಳನ್ನು ಕೊಲ್ಲಲಾಯಿತೆಂದೂ ಅದೇ ಕಾಲದಲ್ಲಿ ಬದುಕಿದ್ದ ದಿಯೋ ವರ್ಣಿಸಿದ್ದಾನೆ. ನಾಣ್ಯದ ಮೇಲಿನ ಬರಹ: ‘ಲೇತೀತಿಯ ತೆಂಪೋರುಂ’. ಕನ್ನಡದಲ್ಲಿ ಹೇಳುವುದಾದರೆ ‘ಕಾಲದ ಸಂತೋಷ’. ಈ ನಾಣ್ಯವನ್ನು ಸೆವೆರಸನ ಹೆಸರಿನಲ್ಲೂ, ಅವನ ಇಬ್ಬರು ಮಕ್ಕಳ ಹೆಸರಿನಲ್ಲೂ ಅಚ್ಚೊತ್ತಿದರು. ಅವರಲ್ಲೊಬ್ಬ ಗೇತ. ಯಾರ ಹುಟ್ಟುಹಬ್ಬಕ್ಕೆ ಇಬ್ಬರು ತಾಯಂದಿರನ್ನು ಮೃಗದ ಮುಂದೆ ದೂಡಲಾಯಿತೋ ಅದೇ ಗೇತ!

ಕಾಲದ ಸಂತೋಷ ಯಾರದು? ನಾಣ್ಯ ಸುಳ್ಳು ಹೇಳುತ್ತಿದೆ ಎನ್ನಲಾಗದು. ಜನರು ನಿಜವಾಗಿಯೂ ಸಂತೋಷಪಟ್ಟರು, ಚಪ್ಪಾಳೆ ತಟ್ಟಿದರು. ಆದರೆ ಆ ಸಂತೋಷದ ಬೆಲೆ ತೆತ್ತವರ ಮುಖ ಯಾವ ನಾಣ್ಯದ ಮೇಲೂ ಇಲ್ಲ. ಗೇತನ ಸಂತೋಷವೂ ಉಳಿಯಲಿಲ್ಲ. 211ರಲ್ಲಿ ತಾಯಿಯ ತೋಳುಗಳಲ್ಲೇ ಅವನು ಕೊಲೆಯಾದ; ಕೊಲ್ಲಿಸಿದವನು ಸ್ವಂತ ಅಣ್ಣ. ಆ ಬಳಿಕ ಅವನ ಹೆಸರನ್ನು ಶಾಸನಗಳಿಂದ ಕೆತ್ತಿ ಅಳಿಸಲಾಯಿತು. ಇತ್ತ ಬಲಿಪೂಜೆಯ ಮೊದಲನೆಯ ಮಹಾಪ್ರಾರ್ಥನೆಯಲ್ಲಿ ಗುರುಗಳು ಹೆಸರಿಸುವ ಸಂತರ ಸಾಲಿನಲ್ಲಿ ಫೆಲಿಸಿತಾ ಮತ್ತು ಪೆರ್ಪೆತುವಾ ಇಂದಿಗೂ ಇದ್ದಾರೆ.

ಸಾವಿರ ವರ್ಷದ ಹಬ್ಬ

ಕ್ರಿ.ಶ. 248ರಲ್ಲಿ ರೋಮ್ ತನ್ನ 1,000ನೆಯ ಹುಟ್ಟುಹಬ್ಬವನ್ನು ಆಚರಿಸಿತು. ಆಗಿನ ಚಕ್ರವರ್ತಿ ಫಿಲಿಪ್, ಈಗಿನ ಸಿರಿಯಾ ದೇಶಕ್ಕೆ ಸೇರಿದ ಊರಿನಲ್ಲಿ ಹುಟ್ಟಿದವನು. ಉತ್ಸವಕ್ಕೆ 32 ಆನೆ, 60 ಪಳಗಿದ ಸಿಂಹ, 6 ನೀರ್ಗುದುರೆ, ಒಂದು ಖಡ್ಗಮೃಗ ಇತ್ಯಾದಿಗಳು ಇದ್ದವೆಂದು ಒಂದು ಪ್ರಾಚೀನ ಗ್ರಂಥ ಪಟ್ಟಿ ಕೊಡುತ್ತದೆ. ಆ ಗ್ರಂಥದ ಎಲ್ಲ ಮಾತನ್ನೂ ವಿದ್ವಾಂಸರು ನಂಬುವುದಿಲ್ಲ. ಆದರೆ ಮೃಗಗಳ ಪ್ರದರ್ಶನ ನಡೆದದ್ದಕ್ಕೆ ನಾಣ್ಯಗಳೇ ಸಾಕ್ಷಿ.

ಸಂಗ್ರಾಹಕರಿಗೆ ಈ ಸರಣಿ ಬಲು ಅಚ್ಚುಮೆಚ್ಚು. ರೋಮಿನ ಟಂಕಸಾಲೆಯಲ್ಲಿ ಆಗ ಆರು ಕಮ್ಮಟ ವಿಭಾಗಗಳಿದ್ದವು. ಒಂದೊಂದು ವಿಭಾಗಕ್ಕೂ ಒಂದೊಂದು ಮೃಗವನ್ನು ಹಂಚಿಕೊಟ್ಟು, ನಾಣ್ಯದ ಮೇಲೆ ಆ ವಿಭಾಗದ ಸಂಖ್ಯೆಯನ್ನೂ ಒತ್ತಿದರು. ಮೊದಲನೆಯದು ಸಿಂಹ, ಎರಡನೆಯದು ತೋಳತಾಯಿ, ನಾಲ್ಕನೆಯದು ನೀರ್ಗುದುರೆ, ಐದನೆಯದು ಸಾರಂಗ. ಮೂರು ಮತ್ತು ಆರನೆಯ ವಿಭಾಗಗಳಿಗೆ ಜಿಂಕೆ-ಮೇಕೆಗಳ ಜಾತಿಯ ಪ್ರಾಣಿಗಳು. ನೀರ್ಗುದುರೆಯ ನಾಣ್ಯ ಬಂದದ್ದು ರಾಣಿ ಒತಾಸಿಲಿಯಾಳ ಹೆಸರಿನಲ್ಲಿ. ಆರನ್ನೂ ಕೂಡಿಸಿ ಸಾಲಾಗಿ ಜೋಡಿಸುವುದು ಎಷ್ಟೋ ಸಂಗ್ರಾಹಕರ ಆಸೆ.

ಫಿಲಿಪನ ಬಗ್ಗೆ ಧರ್ಮಸಭೆಯ ಇತಿಹಾಸಕಾರ ಯೂಸೇಬಿಯಸ್ ಒಂದು ಸುದ್ದಿಯನ್ನು ದಾಖಲಿಸಿದ್ದಾನೆ. ಪಾಸ್ಕ ಜಾಗರಣೆಯ ಪ್ರಾರ್ಥನೆಯಲ್ಲಿ ಸೇರಲು ಫಿಲಿಪ್ ಬಯಸಿದಾಗ, ಮೊದಲು ಪಶ್ಚಾತ್ತಾಪಿಗಳ ಸಾಲಿನಲ್ಲಿ ನಿಲ್ಲಬೇಕೆಂದು ಧರ್ಮಾಧ್ಯಕ್ಷರು ಹೇಳಿದರಂತೆ. ಚಕ್ರವರ್ತಿ ಒಪ್ಪಿ ನಿಂತನಂತೆ. ಅವನು ನಿಜಕ್ಕೂ ಕ್ರೈಸ್ತನಾಗಿದ್ದನೆಂದು ಹೆಚ್ಚಿನ ಇತಿಹಾಸಕಾರರು ಒಪ್ಪುವುದಿಲ್ಲ. ಏನೇ ಇರಲಿ, ಅವನ ಕಾಲದಲ್ಲಿ ಕ್ರೈಸ್ತರಿಗೆ ನೆಮ್ಮದಿಯಿತ್ತು. 249ರಲ್ಲಿ ಅವನನ್ನು ಸೋಲಿಸಿ ಸಿಂಹಾಸನವೇರಿದ ದೇಸಿಯಸ್, ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. 250ರ ಜನವರಿ 20ರಂದು ಪೋಪ್ ಸಂತ ಫೇಬಿಯನ್ ರಕ್ತಸಾಕ್ಷಿಯಾದರು. ಸಾವಿರ ವರ್ಷದ ಹಬ್ಬ ಮುಗಿದು ಆಗ ಎರಡು ವರ್ಷವೂ ಆಗಿರಲಿಲ್ಲ.

ಬಡವಾದ ನಾಣ್ಯ, ಬೇಡುವ ಮೃಗಗಳು

ಸುಮಾರು ಏಳು ವರ್ಷಗಳ ಬಳಿಕ ವಲೇರಿಯನ್ ಚಕ್ರವರ್ತಿಯ ಹಿಂಸೆ ಬಂತು. 258ರಲ್ಲಿ ಪೋಪ್ ಎರಡನೆಯ ಸಿಕ್ಸ್ಟಸ್, ಸಂತ ಲಾರೆನ್ಸ್, ಕಾರ್ತೇಜಿನ ಸಂತ ಸಿಪ್ರಿಯನ್ ಪ್ರಾಣವಿತ್ತರು. 260ರಲ್ಲಿ ವಲೇರಿಯನ್ ಪರ್ಷಿಯನ್ನರ ಸೆರೆಯಾದ. ಅವನ ಮಗ ಗಾಲ್ಲಿಯೇನಸ್ ಹಿಂಸೆಯನ್ನು ನಿಲ್ಲಿಸಿ, ಕ್ರೈಸ್ತರ ಆರಾಧನಾ ಸ್ಥಳಗಳನ್ನೂ ಸ್ಮಶಾನಗಳನ್ನೂ ಹಿಂದಿರುಗಿಸಿದ. ಈ ಶಾಂತಿ 303ರವರೆಗೆ, ನಲವತ್ತು ವರ್ಷಕ್ಕೂ ಮಿಕ್ಕಿ, ಬಾಳಿತು.

ಇದೇ ಗಾಲ್ಲಿಯೇನಸ್ ತನ್ನ ಕೊನೆಯ ದಿನಗಳಲ್ಲಿ, 267-268ರಲ್ಲಿ, ಹೊರಡಿಸಿದ ನಾಣ್ಯಗಳನ್ನು ಸಂಗ್ರಾಹಕರು ‘ಗಾಲ್ಲಿಯೇನಸನ ಮೃಗಾಲಯ’ ಎಂದೇ ಕರೆಯುತ್ತಾರೆ. ಸೂರ್ಯನಿಗೆ ಹೋರಿ ಮತ್ತು ರೆಕ್ಕೆಯ ಕುದುರೆ, ಬೇಟೆಯ ದೇವತೆ ದಿಯಾನಾಳಿಗೆ ಜಿಂಕೆ, ಜೂಪಿಟರನಿಗೆ ಮೇಕೆ, ಹರ್ಕ್ಯುಲಿಸನಿಗೆ ಕಾಡುಹಂದಿ. ಸುತ್ತ ಆ ದೇವತೆಯ ಹೆಸರು, ‘ಚಕ್ರವರ್ತಿಯ ರಕ್ಷಕ’ ಎಂಬ ಬಿರುದು. ಗಡಿಗಳಲ್ಲಿ ಶತ್ರುಗಳು, ಒಳಗೆ ದಂಗೆ, ಊರೂರಿಗೆ ಸಾಂಕ್ರಾಮಿಕ ರೋಗ. ಒಬ್ಬ ದೇವರಾದರೂ ಕಾಪಾಡಲಿ ಎಂಬ ಮೊರೆ ಅಲ್ಲಿದೆ.

ಈ ನಾಣ್ಯಗಳನ್ನು ಕೈಗೆತ್ತಿಕೊಂಡರೆ ಆ ಕಾಲದ ಸಂಕಟ ತಾನಾಗಿ ತಿಳಿಯುತ್ತದೆ. ಆಗಸ್ಟಸನ ದೆನಾರಿಯಸ್ ಬಹುಮಟ್ಟಿಗೆ ಅಪ್ಪಟ ಬೆಳ್ಳಿ. ಗಾಲ್ಲಿಯೇನಸನ ಈ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದಕ್ಕಿಂತ ಕಡಿಮೆ. ಮೇಲೆ ತೆಳುವಾದ ಬೆಳ್ಳಿಯ ಲೇಪ, ಒಳಗೆ ತಾಮ್ರ. ಅವಸರದಲ್ಲಿ ಅಚ್ಚೊತ್ತಿದ್ದರಿಂದ ಎಷ್ಟೋ ನಾಣ್ಯಗಳಲ್ಲಿ ಪ್ರಾಣಿಯ ತಲೆಯೋ ಕಾಲೋ ಅಂಚಿನಾಚೆ ಹೋಗಿದೆ. ಯಾವ ಮೃಗವೂ ಅವನನ್ನು ಕಾಯಲಿಲ್ಲ. 268ರಲ್ಲಿ ಅವನ ಅಧಿಕಾರಿಗಳೇ ಅವನನ್ನು ಕೊಂದರು. ಆದರೂ ಅವನು ನಮ್ಮ ಪೂರ್ವಿಕ ವಿಶ್ವಾಸಿಗಳಿಗೆ ಸ್ಮಶಾನಗಳನ್ನು ಹಿಂದಿರುಗಿಸಿದ ಉಪಕಾರವನ್ನು ನೆನೆಯುವುದು ನ್ಯಾಯ.

ಸರ್ಪ, ಹೋರಿ ಮತ್ತು ಫೀನಿಕ್ಸ್ ಪಕ್ಷಿ

313ರಲ್ಲಿ ಕ್ರೈಸ್ತರಿಗೆ ಆರಾಧನಾ ಸ್ವಾತಂತ್ರ್ಯ ಸಿಕ್ಕಿತು. 327ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಅಚ್ಚಾದ ಒಂದು ಚಿಕ್ಕ ಕಂಚಿನ ನಾಣ್ಯದಲ್ಲಿ, ತುದಿಯಲ್ಲಿ ಕ್ರಿಸ್ತನಾಮದ ಚಿಹ್ನೆಯುಳ್ಳ ಧ್ವಜದಂಡವೊಂದು ಸರ್ಪವನ್ನು ಇರಿದು ನಿಂತಿದೆ. ಸೀಸರನ ಆನೆ ತುಳಿದದ್ದೂ ಸರ್ಪವನ್ನೇ. ಆದರೆ ಈಗ ಸರ್ಪದ ಮೇಲೆ ನಿಂತದ್ದು ಕ್ರಿಸ್ತನ ಹೆಸರು. ನಾಣ್ಯದ ಬರಹ ‘ಸಾರ್ವಜನಿಕರ ಭರವಸೆ’. ಇದು ಬಹಳ ವಿರಳವಾದ ನಾಣ್ಯ, ನಕಲುಗಳೂ ಇವೆ. ಸಾಮಾನ್ಯ ಸಂಗ್ರಾಹಕನ ಕೈಗೆ ಸುಲಭವಾಗಿ ಎಟಕುವುದು 330ರ ನಂತರದ ತೋಳತಾಯಿಯ ಕಂಚಿನ ನಾಣ್ಯ. ಫ್ರಾನ್ಸಿನ ಆರ್ಲ್ ನಗರದ ಟಂಕಸಾಲೆಯಲ್ಲಿ ಅಚ್ಚಾದ ಕೆಲವದರಲ್ಲಿ ತೋಳದ ಮೇಲ್ಗಡೆ, ಎರಡು ನಕ್ಷತ್ರಗಳ ನಡುವೆ, ಕ್ರಿಸ್ತನಾಮದ ಚಿಹ್ನೆಯೂ ಇದೆ.

348ರಲ್ಲಿ ರೋಮಿಗೆ 1,100 ವರ್ಷ ತುಂಬಿತು. ಅದರ ಸುಮಾರಿಗೆ ಬಂದ ನಾಣ್ಯಗಳ ಮೇಲಿನ ಬರಹ ‘ಸುಖದ ಕಾಲ ಮರಳಿತು’ ಎಂದು. ನೂರು ವರ್ಷದ ಹಿಂದಿನ ಸಿಂಹ, ನೀರ್ಗುದುರೆಗಳ ಜಾಗದಲ್ಲಿ ಈಗ ಕಾಣುವುದು ಫೀನಿಕ್ಸ್ ಪಕ್ಷಿ. ಸತ್ತು ಮತ್ತೆ ಜೀವ ತಳೆಯುವುದೆಂಬ ಈ ಪುರಾಣದ ಪಕ್ಷಿಯನ್ನು ಪುನರುತ್ಥಾನದ ಗುರುತಾಗಿ ಮೊದಲನೆಯ ಶತಮಾನದ ಕೊನೆಯಲ್ಲೇ ಪೋಪ್ ಸಂತ ಕ್ಲೆಮೆಂಟ್ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಬಳಸಿದ್ದರು. ರೋಮನ್ನರಿಗೂ ಅದು ಹಳೆಯ ಚಿಹ್ನೆಯೇ. ಆದರೆ ಆ ಹೊತ್ತಿಗೆ ಅದನ್ನು ನೋಡಿದ ಕ್ರೈಸ್ತ ಕುಟುಂಬಕ್ಕೆ ಪಾಸ್ಕ ಹಬ್ಬ ನೆನಪಾಗಿದ್ದರೆ ಅಚ್ಚರಿಯಿಲ್ಲ.

ಹಳೆಯ ದೇವತೆಗಳ ಪೂಜೆಯನ್ನು ಮರಳಿ ತರಲು ಹೊರಟ ಜೂಲಿಯನ್ ಚಕ್ರವರ್ತಿ (361-363) ದೊಡ್ಡ ಕಂಚಿನ ನಾಣ್ಯದ ಮೇಲೆ ಹೋರಿಯನ್ನು ತಂದ. ಅಂತಿಯೋಕ್ಯದ ಕ್ರೈಸ್ತರು ಆ ಹೋರಿಯನ್ನೂ ಚಕ್ರವರ್ತಿಯ ಗಡ್ಡವನ್ನೂ ಸೇರಿಸಿ ಗೇಲಿ ಮಾಡಿದರು. ಹೋರಿಯಂತೆ ನುಗ್ಗಿ ಲೋಕವನ್ನೇ ತಲೆಕೆಳಗು ಮಾಡಿದನೆಂದು ಆಡಿಕೊಂಡರು. ಜೂಲಿಯನ್ ಅವರನ್ನು ಕೊಲ್ಲಿಸಲಿಲ್ಲ. ತನ್ನ ಗಡ್ಡದ ಬಗ್ಗೆಯೇ ಒಂದು ವಿಡಂಬನೆ ಬರೆದು ಉತ್ತರ ಕೊಟ್ಟ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಚಕ್ರವರ್ತಿಗಳು ಕ್ರೈಸ್ತರಾದ ಮಾತ್ರಕ್ಕೆ ಮೃಗಗಳ ಆಟ ನಿಲ್ಲಲಿಲ್ಲ. ಕೊಲೋಸಿಯಂನಲ್ಲಿ ಮೃಗಬೇಟೆ ನಡೆದ ಕೊನೆಯ ದಾಖಲೆ 523ರದು. ನಾಣ್ಯದ ಮೇಲಿನ ಚಿಹ್ನೆಯನ್ನು ಬದಲಾಯಿಸುವುದು ಸುಲಭ. ಜನರ ಸಂತೋಷದ ರೀತಿಯನ್ನು ಬದಲಾಯಿಸಲು ತಲೆಮಾರುಗಳೇ ಬೇಕಾದವು.

ನಮ್ಮ ನೆಲದಲ್ಲಿ ಸಿಕ್ಕವು

ರೋಮನ್ ನಾಣ್ಯ ನಮಗೆ ಅಷ್ಟು ದೂರದ್ದೇನಲ್ಲ. ಮೆಣಸು, ಮುತ್ತು, ಬಟ್ಟೆಗಳಿಗಾಗಿ ಭಾರತಕ್ಕೆ ಪ್ರತಿ ವರ್ಷ 5 ಕೋಟಿ ಸೆಸ್ಟರ್ಸ್ ಹಣ ಹರಿದುಹೋಗುತ್ತಿದೆ ಎಂದು ಪ್ಲಿನಿ ಎಂಬ ರೋಮನ್ ಲೇಖಕ ಒಂದನೆಯ ಶತಮಾನದಲ್ಲಿ ಗೊಣಗಿದ್ದ. ಆ ಹಣದಲ್ಲಿ ಸ್ವಲ್ಪ ನಮ್ಮ ನೆಲಕ್ಕೂ ಬಂದಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ತಿಬೇರಿಯಸ್ ಚಕ್ರವರ್ತಿಯ ನಾಣ್ಯ ದೊರೆಯಿತು. ಪ್ರಭು ಯೇಸು ಸಾರ್ವಜನಿಕವಾಗಿ ಬೋಧಿಸುತ್ತಿದ್ದಾಗ ಆಳುತ್ತಿದ್ದವನು ಇದೇ ತಿಬೇರಿಯಸ್.

ಇಂಥ ನಾಣ್ಯಗಳನ್ನು ಕೂಡಿಸುವುದು ಗೌರವದ ವಿದ್ಯೆ. ನಾಣ್ಯಶಾಸ್ತ್ರವನ್ನು ಒಂದು ಶಿಸ್ತಿಗೆ ತಂದವರು ಯೇಸುಸಭೆಯ ಗುರುಗಳಾಗಿದ್ದ ವಿಯೆನ್ನಾದ ಜೋಸೆಫ್ ಎಖೆಲ್ (1737-1798). ಅವರ ಎಂಟು ಸಂಪುಟಗಳ ಗ್ರಂಥ ಇಂದಿಗೂ ಈ ಶಾಸ್ತ್ರದ ಅಡಿಪಾಯ. ಆದರೆ ಸಂಗ್ರಹ ಎಂದರೆ ಕೊಳ್ಳುವುದೊಂದೇ ಅಲ್ಲ. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ನೂರು ವರ್ಷಕ್ಕಿಂತ ಹಳೆಯ ನಾಣ್ಯ 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ನಾಣ್ಯ ಎಲ್ಲಿ, ಯಾವುದರ ಜೊತೆ, ಎಷ್ಟು ಆಳದಲ್ಲಿ ಸಿಕ್ಕಿತೆಂಬುದು ಅಳಿದುಹೋದರೆ ಅದರ ಅರ್ಧ ಕಥೆಯೇ ಅಳಿದಂತೆ. ಕದ್ದು ಅಗೆದ ನಾಣ್ಯವನ್ನು ಕೊಂಡವನು ಆ ಅಳಿವಿಗೆ ಪಾಲುದಾರ. ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯಿಸುವುದೂ ತರವಲ್ಲ. ಹಸಿರು ಕಿಲುಬಿನ ಜೊತೆಗೆ ಪ್ರಾಣಿಯ ಮೈಗೆರೆಗಳೂ ಹೋಗಿಬಿಡುತ್ತವೆ. ಮಕ್ಕಳಿಗೆ ಆಸಕ್ತಿ ಹುಟ್ಟಿಸಲು ಹಣವೇ ಬೇಕಿಲ್ಲ. ಬ್ರಿಟಿಷ್ ಮ್ಯೂಸಿಯಂನಂಥ ಸಂಸ್ಥೆಗಳು ತಮ್ಮ ನಾಣ್ಯಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. ಮನೆಯ ಮೊಬೈಲಿನಲ್ಲೇ ಸೀಸರನ ಆನೆಯನ್ನೂ ಫಿಲಿಪನ ನೀರ್ಗುದುರೆಯನ್ನೂ ತೋರಿಸಬಹುದು.

ತೋರಿಸುವಾಗ ಎರಡು ಮಾತನ್ನೂ ಹೇಳೋಣ. ಆ ಮೃಗದ ರೂಪವನ್ನು ಅಷ್ಟು ಚಿಕ್ಕ ಅಚ್ಚಿನಲ್ಲಿ ಕೆತ್ತಿದ ಹೆಸರಿಲ್ಲದ ಕೆಲಸಗಾರನ ಕೈಚಳಕವನ್ನು ಮೆಚ್ಚೋಣ. ಅಂಥ ಮೃಗದ ಮುಂದೆ ನಿಂತವರನ್ನೂ, ಜನರ ನಲಿವಿಗಾಗಿ ಸತ್ತ ಆ ಮೂಕಪ್ರಾಣಿಗಳನ್ನೂ ನೆನೆಯೋಣ. ತೆರಿಗೆಯ ನಾಣ್ಯವನ್ನು ತೋರಿಸಿದವರಿಗೆ ಪ್ರಭು ಯೇಸು, ಇದರ ಮೇಲಿರುವ ರೂಪ ಯಾರದೆಂದು ಕೇಳಿದರು. ಸೀಸರನ ರೂಪವಿದ್ದದ್ದು ಸೀಸರನಿಗೆ ಸಲ್ಲುತ್ತದೆ. ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯ ದೇವರಿಗೆ ಸಲ್ಲುತ್ತಾನೆ. ಅವನನ್ನು ಯಾರ ಹುಟ್ಟುಹಬ್ಬದ ಆಟಕ್ಕೂ ಬಳಸಲು ಯಾವ ಅಧಿಕಾರಕ್ಕೂ ಹಕ್ಕಿಲ್ಲ. ನೆಲದಿಂದ ಬಿದ್ದವಳ ಕೈಹಿಡಿದು ಎಬ್ಬಿಸಿದ ಪೆರ್ಪೆತುವಾ ತಾಯಿ ಅದನ್ನೇ ಆ ಅಖಾಡದಲ್ಲಿ ತೋರಿಸಿಕೊಟ್ಟಳು. ಈ ಮಾರ್ಚ್ 7ರಂದು ಬಲಿಪೂಜೆಯಲ್ಲಿ ಅವರಿಬ್ಬರ ಹೆಸರು ಕೇಳಿಬಂದಾಗ, ನಮ್ಮ ಕಾಲದ ಸಂತೋಷಕ್ಕೆ ಯಾರು ಬೆಲೆ ತೆರುತ್ತಿದ್ದಾರೆ ಎಂದು ನಮ್ಮ ನಮ್ಮ ಮನೆಗಳಲ್ಲಿ ಒಮ್ಮೆ ಕೇಳಿಕೊಳ್ಳೋಣ.